ಕಾಶಿಯಲ್ಲಿ ಬಿಟ್ಟ ಹಣ್ಣು

ಹನುಮವ್ವ ಸೊಸೆ ಬಡಿದ ರೊಟ್ಟಿ ತಿನ್ನುತ್ತಿದ್ದಳು, ಸೊಸೆ ಮಾಡಿದ ಪಲ್ಯ ತಿನ್ನುತ್ತಿದ್ದಳು, ಸೊಸೆ ಒಗೆದು ಒಣಗಿಸಿದ ಸೀರೆ ಉಡುತ್ತಿದ್ದಳು. ಚಹಾ ಮಾತ್ರ ಕುಡಿಯುತ್ತಿರಲಿಲ್ಲ. ಎಂಟು ವರ್ಷದಿಂದ ತನ್ನ ಚಹಾ ತಾನೇ ಮಾಡಿಕೊಳ್ಳುತ್ತಿದ್ದಳು. ಅದಕ್ಕೆಂದೇ ಹಿಡಿಕೆ ಮುರಿದ ಒಂದು ಸಣ್ಣ ಪಾತ್ರೆ ಒಲೆಯ ಮೂಲೆಯಲ್ಲಿ ಬೇರೆಯಾಗಿ ಇರುತ್ತಿತ್ತು. ಬಂದುಹೋಗುವವರಿಗೆ ಅದು ಕಣ್ಣಿಗೆ ಬೀಳುತ್ತಿರಲಿಲ್ಲ. ಸೊಸೆ ಕಾವೇರಿಗೆ ಮಾತ್ರ ದಿನಕ್ಕೆರಡು ಸಲ ಆ ಪಾತ್ರೆಯ ಸಪ್ಪಳ ಎದೆಗೆ ಬಡಿಯುತ್ತಿತ್ತು. ದಾರಿಯಲ್ಲಿ ಹೋಗುವವನನ್ನೂ ಕರೆದು ಅರ್ಧ ಕಪ್ಪು ಕುಡಿಸುವ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ, ನಿನ್ನ ಕೈಯ ಚಹಾ ಬೇಡ ಅನ್ನುವುದಕ್ಕಿಂತ ದೊಡ್ಡ ಮಾತು ಇನ್ನೊಂದಿಲ್ಲ. ಅದನ್ನು ಬಾಯಿಬಿಟ್ಟು ಹೇಳದೆ ಎಂಟು ವರ್ಷ ಹೇಳಿದವಳು ಹನುಮವ್ವ.

ಕಾರಣ ಇಬ್ಬರಿಗೂ ಗೊತ್ತಿತ್ತು. ಆಗ ಅವರು ಕೆಲಗೇರಿಯಲ್ಲಿದ್ದರು. ಹನುಮವ್ವನ ಗಂಡ ರಾಮಪ್ಪ ಮಾವಿನ ತೋಟಗಳ ಫಸಲನ್ನು ಗುತ್ತಿಗೆ ಹಿಡಿಯುತ್ತಿದ್ದ. ಕಾಯಿ ಇಳಿಸಿ, ಹುಲ್ಲಿನಲ್ಲಿ ಅಡಿ ಹಾಕಿ, ಹಣ್ಣು ಮಾಡಿ ಮಾರುವುದು ಮನೆಮಂದಿಯೆಲ್ಲರ ಕೆಲಸ. ಕಾವೇರಿ ಚೊಚ್ಚಲ ಬಸುರಿ. ಮನೆ ತುಂಬ ಹಣ್ಣಿದ್ದರೂ ಅವಳಿಗೆ ಗಿಡದಲ್ಲೇ ಹಣ್ಣಾದ ಆಪೂಸು ತಿನ್ನುವ ಬಯಕೆ. ಅದನ್ನು ಮೈದುನ ಬೀರಲಿಂಗನ ಕೈಗೆ ಚಹಾದ ಕಪ್ಪು ಕೊಡುತ್ತ ನಗುನಗುತ್ತ ಹೇಳಿದಳು. ಬೀರಲಿಂಗ ಚಹಾ ಕುಡಿದ, ಕಪ್ಪನ್ನು ಕಟ್ಟೆಯ ಮೇಲಿಟ್ಟ, ಈಗ ತರ್ತೇನಿ ವೈನಿ ಅಂದು ಹೋದ. ಹಿಂದಿನ ದಿನ ಅಡ್ಡಮಳೆ ಬಂದು ಟೊಂಗೆಗಳು ನೆನೆದು ಜಾರುತ್ತಿದ್ದವು. ಅವನು ತಿರುಗಿ ಬಂದದ್ದು ನಾಲ್ಕು ಜನರ ಹೆಗಲ ಮೇಲೆ. ಮಾತಾಡಿಸಲು ಬಂದ ಹೆಂಗಸರ ಮುಂದೆ ಹನುಮವ್ವ ಒಂದೇ ಮಾತು ಆಡಿದಳು, ಮನೆ ತುಂಬ ಹಣ್ಣಿದ್ದವು ಅಂತ. ಆಮೇಲೆ ಆ ವಿಷಯ ಅವಳ ಬಾಯಲ್ಲಿ ಬರಲೇ ಇಲ್ಲ.

ರಾಮಪ್ಪ ಗುತ್ತಿಗೆ ಬಿಟ್ಟು, ಸಂಸಾರವನ್ನೆಲ್ಲ ಹುಬ್ಬಳ್ಳಿಯ ಗೋಕುಲ ರಸ್ತೆಯ ಹಿಂದಿನ ಓಣಿಗೆ ತಂದು, ಒಂದು ಕಟ್ಟಿಗೆ ಅಡ್ಡೆಯಲ್ಲಿ ಕಾವಲು ಸೇರಿದ. ಹಿರಿಯ ಮಗ, ಕಾವೇರಿಯ ಗಂಡ ಮೈಲಾರಿ, ಬಾಡಿಗೆ ಟೆಂಪೋ ಹೊಡೆಯತೊಡಗಿದ. ಮರುವರ್ಷ ರಾಮಪ್ಪ-ಹನುಮವ್ವ ಊರವರ ಜೊತೆ ಕಾಶಿಗೆ ಹೋದರು. ಕಾಶಿಗೆ ಹೋದವರು ಇಷ್ಟದ ತಿನಿಸೊಂದನ್ನು ಬಿಟ್ಟು ಬರಬೇಕಲ್ಲ. ರಾಮಪ್ಪ ಹಾಗಲಕಾಯಿ ಬಿಟ್ಟು ಬಂದ. ಅದನ್ನು ಅವನು ಹುಟ್ಟಿದಾಗಿನಿಂದಲೂ ಬಾಯಿಗೆ ಹಾಕಿದವನಲ್ಲ. ಹನುಮವ್ವ ಹಾಗೆ ಕಳ್ಳಲೆಕ್ಕ ಮಾಡುವವಳಲ್ಲ. ಗಂಗೆಯಲ್ಲಿ ನಿಂತು, ಸತ್ತ ಮಗನ ಹೆಸರು ಹೇಳಿ, ಮಾವಿನಹಣ್ಣು ಬಿಟ್ಟು ಬಂದಳು. ಅಂದಿನಿಂದ ಆ ಮನೆಯೊಳಗೆ ಮಾವಿನ ಕಾಯಿ ಇಲ್ಲ, ಮಾವಿನ ಉಪ್ಪಿನಕಾಯಿ ಇಲ್ಲ, ಯುಗಾದಿಗೆ ಬಾಗಿಲಿಗೆ ಮಾವಿನೆಲೆಯೂ ಇಲ್ಲ, ಬರೀ ಬೇವು. ಕಾವೇರಿಯೂ ತಿನ್ನುವುದನ್ನು ಬಿಟ್ಟಳು. ಅವಳನ್ನು ಯಾರೂ ಬಿಡು ಅನ್ನಲಿಲ್ಲ, ಯಾಕೆ ಬಿಟ್ಟಿ ಅಂತಲೂ ಕೇಳಲಿಲ್ಲ. ಆ ಬಸುರಿನಲ್ಲಿ ಹುಟ್ಟಿದ ವಿದ್ಯಾಳಿಗೆ ಆಗಾಗ ಕಿವಿ ಸೋರುತ್ತಿತ್ತು. ಬಸುರಿಯ ಬಯಕೆ ತೀರದಿದ್ದರೆ ಹಾಗಾಗುತ್ತದೆ ಅಂತ ಓಣಿಯ ಹೆಂಗಸರು ಅನ್ನುವಾಗ ಅತ್ತೆ-ಸೊಸೆ ಇಬ್ಬರೂ ಬೇರೆ ಬೇರೆ ಕಡೆ ಮುಖ ಮಾಡುತ್ತಿದ್ದರು.

ಎರಡು ಸಾವಿರದ ಮೂರರ ದೀಪಾವಳಿ ಮುಗಿದ ಮೇಲೆ ಕಾವೇರಿ ತಾರಿಹಾಳದ ಒಂದು ಚಹಾಪುಡಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಚಹಾಪುಡಿಗೆ ಹಣ್ಣಿನ, ಸಿಹಿತಿಂಡಿಯ ಪರಿಮಳ ಬೆರೆಸಿ, ಸಣ್ಣ ಸಣ್ಣ ಕಾಗದದ ಚೀಲಗಳಲ್ಲಿ ತುಂಬಿ ಹೊರದೇಶಕ್ಕೆ ಕಳಿಸುತ್ತಿದ್ದರು. ಕಾವೇರಿಯದು ಪರಿಮಳ ಬೆರೆಸುವ ಕೋಣೆ. ಒಳಗೆ ಕಾಲಿಟ್ಟರೆ ಮದುವೆ ಅಡುಗೆಮನೆಗೆ ಹೊಕ್ಕ ಹಾಗೆ. ಆದರೆ ಮಧ್ಯಾಹ್ನದ ಹೊತ್ತಿಗೆ ಮೂಗು ಸತ್ತೇ ಹೋಗುತ್ತಿತ್ತು. ಸಂಜೆ ಮನೆಗೆ ಬಂದಾಗ ಬೆಳ್ಳುಳ್ಳಿ ಒಗ್ಗರಣೆ ಹೊತ್ತಿದರೂ ತಿಳಿಯುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನದ ತನಕ ಅದೇ ಹಣೆಬರಹ. ಅವಳ ಸೀರೆ ಮಾತ್ರ ಘಮಘಮ ಅನ್ನುತ್ತಿತ್ತು. ಏನು ಸೆಂಟು ಹೊಡಕೊಂಡು ಕೆಲಸಕ್ಕೆ ಹೋಗ್ತಾಳ ಅಂತ ಓಣಿಯಲ್ಲಿ ಒಬ್ಬಿಬ್ಬರು ಆಡಿಕೊಂಡರು, ಅದು ಹನುಮವ್ವನ ಕಿವಿಗೂ ಬಿತ್ತು.

ಶನಿವಾರ ಸಂಜೆ, ದಾರ ಹರಿದ, ಹೆಸರಿನ ಚೀಟಿ ಕಿತ್ತುಹೋದ ಚಹಾದ ಚೀಲಗಳನ್ನು ಹೆಣ್ಣಾಳುಗಳಿಗೆ ಹಂಚಿಬಿಡುತ್ತಿದ್ದರು. ಎಲ್ಲ ಪರಿಮಳದವೂ ಒಂದೇ ಗುಡ್ಡೆ. ಕಾವೇರಿ ಕೈಯಿಟ್ಟು ಬಾಚಿಕೊಳ್ಳುತ್ತಿರಲಿಲ್ಲ. ಆ ಕಾರ್ಖಾನೆಯಲ್ಲಿ ಮಾವಿನ ಪರಿಮಳದ ಚಹಾವೂ ಆಗುತ್ತಿತ್ತು, ಬೇರೆ ಕೋಣೆಯಲ್ಲಿ. ಅದೊಂದು ತನ್ನ ಮನೆಗೆ ಬರಕೂಡದು. ತನ್ನ ಮೂಗಿಗೆ ತಿಳಿಯುವುದಿಲ್ಲವಲ್ಲ, ಅದಕ್ಕೆ ಡಬ್ಬಿಗೆ ಅಂಟು ಹಚ್ಚುವ ಮಾಬೂಬಿಗೆ ಹೇಳಿದ್ದಳು. ಮಾಬೂಬಿ ಒಂದೊಂದನ್ನೇ ಮೂಗಿಗೆ ಹಿಡಿದು, ಮಾವಿನದನ್ನು ಬದಿಗಿಟ್ಟು, ಉಳಿದದ್ದನ್ನು ಇವಳ ಚೀಲಕ್ಕೆ ಹಾಕುತ್ತಿದ್ದಳು. ಯಾಕೆ ಅಂತ ಒಂದೇ ಸಲ ಕೇಳಿದ್ದಳು. ನಮ್ಮ ಅತ್ತೆ ಕಾಶಿಯಲ್ಲಿ ಬಿಟ್ಟಿದ್ದಾರೆ ಅಂದದ್ದೇ ಅವಳಿಗೆ ಸಾಕಾಗಿತ್ತು.

ಮೊದಲ ಸಲ ಆದದ್ದು ನಗೆಪಾಟಲು. ಕಾವೇರಿ ನಾಲ್ಕು ಚೀಲ ಹಾಲಿಗೆ ಹಾಕಿ, ಸಕ್ಕರೆ ಸುರಿದು, ಗಳಗಳ ಕುದಿಸಿದಳು. ಅದರಲ್ಲಿ ಒಂದು ನಿಂಬೆಯದಿತ್ತೋ ಏನೋ, ಹಾಲು ಒಡೆದು ನೀರು ಬೇರೆ ಗಿಣ್ಣ ಬೇರೆ ಆಯಿತು. ರಾಮಪ್ಪ ಇಣುಕಿ ನೋಡಿ, ಚಹಾ ಮಾಡು ಅಂದ್ರ ಪನೀರು ಮಾಡೀಯಲ್ಲವಾ ತಂಗಿ ಅಂದ. ಮರುವಾರ ಕಾರ್ಖಾನೆಯ ಮೇಸ್ತ್ರಿಯನ್ನು ಕೇಳಿಕೊಂಡು ಬಂದು, ಬರೀ ಬಿಸಿನೀರಿನಲ್ಲಿ ಚೀಲ ಇಳಿಬಿಟ್ಟು, ಒಂದೊಂದು ಕಪ್ಪಿಗೆ ಒಂದೊಂದು ಪರಿಮಳ ಮಾಡಿದಳು. ಚೀಟಿ ಇಲ್ಲ, ಕಾವೇರಿಗೆ ಮೂಗಿಲ್ಲ. ಯಾವುದು ಯಾವ ಪರಿಮಳ ಅಂತ ಉಳಿದವರೇ ಕುಡಿದು ಹೇಳಬೇಕು. ಅದೇ ಒಂದು ಆಟವಾಯಿತು.

ವಿದ್ಯಾ ಕೆಂಪನೆಯದೊಂದನ್ನು ಕುಡಿದು, ಇದು ನನ್ನ ಸೆಂಟಿನ ರಬ್ಬರದ ವಾಸನಿ ಅಂದಳು. ಕಾವೇರಿ ಆ ಚೀಲವನ್ನು ಕಾರ್ಖಾನೆಗೆ ಒಯ್ದು ಮೇಸ್ತ್ರಿಗೆ ತೋರಿಸಿದಾಗ ಅದು ಸ್ಟ್ರಾಬೆರಿ ಅಂತ ಸೋಮವಾರ ಗೊತ್ತಾಯಿತು. ಆ ಹಣ್ಣನ್ನು ಮನೆಯಲ್ಲಿ ಯಾರೂ ಕಣ್ಣಿಂದಲೂ ಕಂಡಿರಲಿಲ್ಲ. ಚಾಕಲೇಟಿನ ಚಹಾಕ್ಕೆ ರಾಮಪ್ಪ ಮುಖ ಸಿಂಡರಿಸಿ, ಆಮೇಲೆ ಇನ್ನರ್ಧ ಕಪ್ಪು ಕೇಳಿದ. ಅನಾನಸಿನದನ್ನು ಕುಡಿದು ಮೈಲಾರಿ, ಮದುವೆಮನೆಯ ಶಿರಾ ನೆನಪಾಗಿ, ಎರಡನೇ ಪಂಕ್ತಿಯಲ್ಲಿ ಕೂತವನ ಹಾಗೆ ತುಟಿ ನೆಕ್ಕಿಕೊಂಡ. ದುಡಿದು ಸಾಕಾಗಿ ಬರುವ ಆ ಮನೆಮಂದಿ ಶನಿವಾರ ಸಂಜೆ ಒಂದು ತಾಸು ಒಂದೇ ಕಡೆ ಕೂತು ನಗುತ್ತಿದ್ದರು. ಹನುಮವ್ವ ಮಾತ್ರ ನಡುಮನೆಯಲ್ಲಿ ಗೋಡೆಗೆ ಒರಗಿ ಅಕ್ಕಿ ಆರಿಸುತ್ತಿದ್ದಳು.

ಒಂದು ಶನಿವಾರ ವಿದ್ಯಾ ಕಪ್ಪೊಂದನ್ನು ಒಯ್ದು ಅಜ್ಜಿಯ ಮೂಗಿನ ಕೆಳಗೆ ಹಿಡಿದಳು. ಯಾರಿಗೂ ಇದು ತಿಳಿಯುತ್ತಿಲ್ಲ, ನೀನೇ ಹೇಳು ಅಂದಳು. ಹನುಮವ್ವ ಮೊರ ಕೆಳಗಿಟ್ಟು ವಾಸನೆ ನೋಡಿದಳು. ಮೊಮ್ಮಗಳ ಕೈಯಿಂದ ಒಂದು ಗುಟುಕು ಕುಡಿದಳು. ಅಡುಗೆಮನೆಯಲ್ಲಿದ್ದ ಕಾವೇರಿ ಬಾಗಿಲಿಗೆ ಬಂದು ನಿಂತಳು.

"ಧಾರವಾಡದಾಗ ಪೇಡಾ ಮಾಡೂವಾಗ ಖವಾ ಹುರೀತಾರಲ್ಲ, ಆ ವಾಸನಿ," ಎಂದಳು ಹನುಮವ್ವ.

ಅದು ಸಕ್ಕರೆಯನ್ನು ಕಂದು ಬಣ್ಣಕ್ಕೆ ಹುರಿದು ಮಾಡಿದ ಪರಿಮಳ ಎಂದು ಮೇಸ್ತ್ರಿ ಹೇಳಿದಾಗ ಕಾವೇರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮನೆಗೆ ಬಂದವಳೇ, ನೀವು ಹೇಳಿದ್ದ ಖರೇ ಆತ್ರಿ ಅತ್ತಿ ಅಂದಳು. ಹನುಮವ್ವ ಹೂಂ ಅಂದಳು. ಆ ಹೂಂನಲ್ಲಿ ಸಣ್ಣದೊಂದು ಹೆಮ್ಮೆ ಇತ್ತು.

ಅಲ್ಲಿಂದ ಮುಂದೆ ವಿದ್ಯಾ ಒಯ್ದು ಕೊಡುವುದು, ಅಜ್ಜಿ ಕುಡಿದು ಹೇಳುವುದು ನಡೆಯಿತು. ಸಂಕ್ರಮಣ ಕಳೆದ ಮೇಲಿನ ಶನಿವಾರ ಹನುಮವ್ವ ತಾನಾಗಿ ಎದ್ದು ಬಂದು, ಅಡುಗೆಮನೆಯ ಹೊಸ್ತಿಲ ಬಳಿ ಕೂತಳು. ಕೈಯಲ್ಲಿ ತನ್ನ ಕಪ್ಪಿತ್ತು. ಅದನ್ನು ಸೊಸೆಯ ಮುಂದೆ ಇಟ್ಟಳು. ಕಾವೇರಿ ಹಾಕಿದ ಬಿಸಿನೀರು ಕಪ್ಪು ತುಂಬಿ ಅದರ ಕೆಳಗಿನ ಬಸಿಗೆ ಚೆಲ್ಲಿತು. ಎಂಟು ವರ್ಷದ ಮೇಲೆ ಅತ್ತೆ ತನ್ನ ಕೈಯಿಂದ ಕುಡಿಯುತ್ತಿದ್ದಾಳೆ. ಹಾಲಿಲ್ಲದ, ಶುಂಠಿ ಇಲ್ಲದ, ಪರದೇಶದವರು ಕುಡಿಯುವ ಚಹಾ ಆದರೇನು, ಚಹಾ ಚಹಾನೇ. ಇನ್ನು ಕೆಲವು ವಾರ ಹೀಗೇ ಹೋದರೆ, ಒಂದು ದಿನ ಬೆಳಿಗ್ಗೆ ಆ ಹಿಡಿಕೆ ಮುರಿದ ಪಾತ್ರೆ ಒಲೆಯ ಮೇಲೆ ಏರುವುದಿಲ್ಲ. ಕಾವೇರಿಗೆ ಬೇಕಾದದ್ದು ಅಷ್ಟೇ ಇತ್ತು.

ಬಕ್ರೀದಿನ ಮುಂಚಿನ ಶನಿವಾರ ಮಾಬೂಬಿ ಕೆಲಸಕ್ಕೆ ಬರಲಿಲ್ಲ. ಹಬ್ಬಕ್ಕೆ ತವರಿಗೆ ಹೋಗಿದ್ದಳು. ಕಾವೇರಿ ಗುಡ್ಡೆಯ ಮುಂದೆ ಬಹಳ ಹೊತ್ತು ನಿಂತಳು. ಒಂದೆರಡನ್ನು ಮೂಗಿಗೆ ಹಿಡಿದು ನೋಡಿದಳು, ಮಣ್ಣೂ ಒಂದೇ ಮಲ್ಲಿಗೆಯೂ ಒಂದೇ. ಬಿಟ್ಟು ಬಂದುಬಿಡಬೇಕಿತ್ತು. ಆದರೆ ಬೆಳಿಗ್ಗೆ ಹೊರಡುವಾಗ ಹನುಮವ್ವ, ಇವತ್ತ ಶನಿವಾರ ಅಲ್ಲೇನ, ಅಂತ ಕೇಳಿದ್ದಳು. ಅಷ್ಟು ಕೇಳಿದವಳ ಮುಂದೆ ಬರಿಗೈಯಲ್ಲಿ ಹೋಗಿ ನಿಲ್ಲುವುದು ಹೇಗೆ? ಮಾವಿನದು ಇಡೀ ಗುಡ್ಡೆಯಲ್ಲಿ ನಾಲ್ಕಾರು ಇದ್ದಾವು, ತನ್ನ ಪಾಲಿಗೆ ಅದೇ ಯಾಕೆ ಬಂದೀತು ಅಂದುಕೊಂಡು ಒಂದು ಹಿಡಿ ತಂದಳು.

ಸಂಜೆ ಎಲ್ಲರೂ ಕೂತರು. ಹನುಮವ್ವನ ಕಪ್ಪಿಗೆ ಕಾವೇರಿಯೇ ಚೀಲ ಇಳಿಬಿಟ್ಟು ಕೊಟ್ಟಳು. ಹನುಮವ್ವ ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು. ಯಾವುದು ಹೇಳು ಆಯಿ ಅಂತ ವಿದ್ಯಾ ಕೇಳಿದರೂ ಹೇಳಲಿಲ್ಲ. ಮತ್ತೊಂದು ಗುಟುಕು, ಇನ್ನೊಂದು. ಯಾರ ಕಡೆಗೂ ನೋಡದೆ ಕಪ್ಪು ಬರಿದಾಗುವವರೆಗೆ ಕುಡಿದಳು, ಬಸಿಗೆ ಚೆಲ್ಲಿದ ನಾಲ್ಕು ಹನಿಯನ್ನೂ ಬಾಯಿಗೆ ಬಗ್ಗಿಸಿಕೊಂಡಳು. ಅಷ್ಟರಲ್ಲಿ ವಿದ್ಯಾ ಅಜ್ಜಿಯ ಬರಿದಾದ ಕಪ್ಪನ್ನು ಮೂಸಿ ನೋಡಿದಳು.

"ನನಗ ಗೊತ್ತಾತು. ಸಾಲ್ಯಾಗ ಜ್ಯೂಸಿನ ಪ್ಯಾಕೀಟು ಕೊಟ್ಟಿದ್ರು. ಇದು ಮಾವಿನಹಣ್ಣು."

ಹನುಮವ್ವ ಎದ್ದು ಬಚ್ಚಲಿಗೆ ಹೋಗಿ, ಆ ಚಳಿಯಲ್ಲಿ ತಲೆಯ ಮೇಲೆ ತಣ್ಣೀರು ಹೊಯ್ದುಕೊಂಡಳು. ದೇವರ ಮುಂದೆ ದೀಪ ಹಚ್ಚಿ ಕೂತಳು. ಊಟಕ್ಕೆ ಏಳಲಿಲ್ಲ.

ಮೈಲಾರಿ ಹೆಂಡತಿಯ ಮೇಲೆ ಹರಿಹಾಯ್ದ. ನೋಡಿ ತರಬಾರದೇನು, ಯಾವನು ಕೇಳಿದ್ದ ಈ ಸೆಂಟಿನ ಚಹಾ, ನಾಳೆಯಿಂದ ಆ ಕೆಲಸವೇ ಬೇಡ ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಕಾವೇರಿ ಸಹಿಸುತ್ತಿದ್ದಳು.

"ನಿನ್ನ ಬಾಯಿ ಚಪಲಕ್ಕ ಒಂದು ಸಲಾ ಆದದ್ದು ಸಾಲಲಿಲ್ಲೇನ?" ಅಂದ.

ಎಂಟು ವರ್ಷದಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಆಡಿದ ಮೇಲೆ ಮೈಲಾರಿಯೇ ಬೆಚ್ಚಿ, ಚಪ್ಪಲಿ ಮೆಟ್ಟಿ ಹೊರಗೆ ಹೋದ. ವಿದ್ಯಾ ಅವ್ವನ ಮುಖ, ಅಜ್ಜನ ಮುಖ ನೋಡಿದಳು. ಕಾವೇರಿ ಕಪ್ಪುಗಳನ್ನೆಲ್ಲ ಬಳಿದುಕೊಂಡು ತೊಳೆಯಲು ಕೂತಳು. ಕಣ್ಣೀರು ಸುರಿಯುತ್ತಿದ್ದರೂ ಕೈ ತೊಳೆಯುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಹಿಡಿಕೆ ಮುರಿದ ಪಾತ್ರೆಯ ಸಪ್ಪಳ ಕೇಳಿಸಲಿಲ್ಲ. ಹನುಮವ್ವ ಅದನ್ನು ಬೋರಲು ಹಾಕಿಟ್ಟಿದ್ದಳು. ತನ್ನ ಚಹಾವನ್ನೂ ಬಿಟ್ಟಳು. ಇಷ್ಟು ದಿನ ಯಾವ ಸಪ್ಪಳ ಎದೆಗೆ ಬಡಿಯುತ್ತಿತ್ತೋ ಅದನ್ನು ಕೇಳಲು ಕಾವೇರಿ ಈಗ ದಿನಾ ಕಿವಿಗೊಟ್ಟು ಕೂಡುವ ಹಾಗಾಯಿತು. ಅತ್ತೆಯ ಮಾತೂ ಕಡಿಮೆಯಾಯಿತು. ನೀಡು, ಸಾಕು, ಬಾಗಿಲು ಹಾಕು, ಇಷ್ಟೇ.

ರಾಮಪ್ಪ ತನ್ನ ಲೆಕ್ಕದಲ್ಲಿ ಸಮಾಧಾನ ಹೇಳಿದ. ಹಣ್ಣು ತಿಂದರೆ ಪಾಪ, ಬರೀ ವಾಸನೆಗೆ ಏನು ಪಾಪ, ಹಂಗಂದ್ರ ಸಂತೆಯಲ್ಲಿ ಮಾವಿನ ಬುಟ್ಟಿಯ ಮುಂದೆ ಮೂಗು ಹಿಡಿದುಕೊಂಡು ಹೋಗುತ್ತಿದ್ದೆಯೇನು ಅಂತ ಕೇಳಿದ. ಹನುಮವ್ವ ಮೊರ ಎಳೆದುಕೊಂಡು ಅಕ್ಕಿ ಆರಿಸಲು ಕೂತಳು. ಹಬ್ಬ ಮುಗಿಸಿ ಬಂದ ಮಾಬೂಬಿ ಸುದ್ದಿ ಕೇಳಿ ಹಣೆ ಬಡಿದುಕೊಂಡಳು. ಆ ಪುಡಿಯಲ್ಲಿ ಹಣ್ಣು ಎಲ್ಲಿಂದ ಬರಬೇಕು, ಎಲ್ಲಾ ಬಾಟಲಿಯಲ್ಲಿ ಬರುವ ಎಸೆನ್ಸು ಅಂದಳು. ಕಾವೇರಿ ಮೇಸ್ತ್ರಿಯನ್ನೂ ಕೇಳಿ ಖಾತ್ರಿ ಮಾಡಿಕೊಂಡು ಓಡೋಡಿ ಮನೆಗೆ ಬಂದಳು.

"ಅತ್ತಿ, ಅದರಾಗ ಮಾವಿನಹಣ್ಣಽ ಇಲ್ಲಂತ್ರಿ. ಒಂದ ಹನಿನೂ ಇಲ್ಲಂತ. ನಿಮ್ಮ ಹರಕಿ ಮುರದಿಲ್ಲ."

ಹನುಮವ್ವ ರೊಟ್ಟಿ ಮುರಿಯುತ್ತಿದ್ದವಳು ತಲೆ ಎತ್ತಿ ನೋಡಿದಳು. "ನಿನ್ನ ನಾ ಕೇಳಿದ್ನೇನ?" ಅಂದು ಮತ್ತೆ ಊಟಕ್ಕೆ ತಿರುಗಿದಳು.

ಶಿವರಾತ್ರಿ ಹೋಯಿತು, ಹೋಳಿ ಹೋಯಿತು, ಬಾಗಿಲಿಗೆ ಬರೀ ಬೇವು ಕಟ್ಟಿ ಯುಗಾದಿಯೂ ಹೋಯಿತು. ಶನಿವಾರದ ಚಹಾ ನಿಂತೇ ಹೋಗಿತ್ತು. ಕಾವೇರಿ ತನ್ನ ಪಾಲಿನ ಚೀಲಗಳನ್ನು ಮಾಬೂಬಿಗೇ ಕೊಟ್ಟುಬಿಡುತ್ತಿದ್ದಳು. ಮೈಲಾರಿ ವಾರಕ್ಕೊಮ್ಮೆ ಕೆಲಸ ಬಿಡುವ ಮಾತು ತೆಗೆಯುತ್ತಿದ್ದ, ಆದರೆ ಅವಳ ಮುಖ ನೋಡಿ ಆಡುತ್ತಿರಲಿಲ್ಲ. ಕಡೆಗೆ ಕಾವೇರಿಗೂ ಸಾಕಾಯಿತು. ಒಂದು ಸಂಜೆ ರೊಟ್ಟಿ ಬಡಿಯುತ್ತ, ಒಲೆಯ ಕಡೆಗೇ ನೋಡುತ್ತ ಹೇಳಿದಳು.

"ಈ ತಿಂಗಳಿಗೆ ಕೆಲಸಾ ಬಿಡತೇನ್ರಿ ಅತ್ತಿ. ಆ ವಾಸನೀನೂ ಮನ್ಯಾಗ ಬರೂದು ಬ್ಯಾಡ. ನನ್ನ ಸೀರಿನೂ ನಿಮಗ ಅದನ್ನಽ ನೆನಪ ಮಾಡತಿರಬೇಕು."

ಹನುಮವ್ವ ಕೇಳಿಸಿಕೊಂಡಳು. ಹಿಟ್ಟಿನ ಡಬ್ಬಿ ಮುಚ್ಚಿ ಒಳಗೆ ಹೋದಳು.

ಮುಂದಿನ ಭಾನುವಾರ ಉಂಡು ಕೈತೊಳೆದ ಮೇಲೆ ಹನುಮವ್ವ ಎಲ್ಲಿಗೆ ಅಂತ ಹೇಳದೆ ಹೊರಗೆ ಹೋದಳು. ಬಿಸಿಲು ಸುಡುತ್ತಿತ್ತು. ರಾಮಪ್ಪ ಕಟ್ಟೆಯ ಮೇಲೆ ಮಲಗಿದ್ದ, ಮೈಲಾರಿ ಬಾಡಿಗೆಗೆ ಹೋಗಿದ್ದ, ವಿದ್ಯಾ ಓಣಿಯಲ್ಲಿ ಆಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಹನುಮವ್ವ ಬೆವರುತ್ತ ಬಂದಳು. ಉಡಿಯಲ್ಲಿ ಏನನ್ನೋ ಕಟ್ಟಿಕೊಂಡಿದ್ದಳು. ನೇರ ಅಡುಗೆಮನೆಗೆ ಬಂದು ಅದನ್ನು ನೆಲದ ಮೇಲೆ ಬಿಚ್ಚಿದಳು. ನಾಲ್ಕು ಆಪೂಸು ಉರುಳಿದವು.

ಭಾನುವಾರ ಮಧ್ಯಾಹ್ನವಾಗಿತ್ತಲ್ಲ, ಕಾವೇರಿಗೆ ಮೂಗು ತಿರುಗಿ ಬಂದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಈಳಗಿ ತಾ. ಕುಂದರ," ಎಂದಳು ಹನುಮವ್ವ.

ಕಾವೇರಿ ಈಳಿಗೆ ತಂದಿಟ್ಟು ಕೂತಳು. ಹನುಮವ್ವ ಒಂದು ಹಣ್ಣು ತೊಳೆದು, ತಲೆ ಎತ್ತದೆ ಹೋಳು ಮಾಡತೊಡಗಿದಳು.

"ಅವತ್ತ ಕುಡದೆನಲ್ಲ, ಮೊದಲನೇ ಗುಟಕಿಗೇ ನನಗ ಗೊತ್ತಾತು."

ಕಾವೇರಿ ತಲೆ ಎತ್ತಿ ಅತ್ತೆಯನ್ನು ನೋಡಿದಳು.

"ಗೊತ್ತಾದ ಮ್ಯಾಲ ಉಗಳಬೇಕಿತ್ತು. ನಡಮಟ ನೀರಾಗ ನಿಂತು, ಮಗನ ಹೆಸರ ಹೇಳಿ ಬಿಟ್ಟಾಕಿ ನಾ. ಉಗಳಲಿಲ್ಲ. ಇನ್ನೊಂದ ಗುಟಕು, ಇನ್ನೊಂದ ಗುಟಕು ಅಂತ ತಳಾ ಕಾಣೂತನಕಾ ಕುಡದೆ. ಅದರಾಗ ಹಣ್ಣ ಇತ್ತೋ ಇಲ್ಲೋ ಯಾವಾಕಿಗೆ ಬೇಕು. ನಾ ಕುಡದದ್ದು ಮಾವಿನಹಣ್ಣ ಅಂತ ತಿಳದಽ."

ಹೋಳು ಮಾಡುವ ಕೈ ನಿಂತಿತು.

"ನಿನ್ನ ಮ್ಯಾಲಿನ ಸಿಟ್ಟಿಗೆ ಚಹಾ ಬಿಡಲಿಲ್ಲ. ನಾಚಿಕಿಗೆ ಬಿಟ್ಟೆ. ಅರವತ್ತ ದಾಟಿದಾಕಿ, ಹೊಟ್ಟಿ ತುಂಬ ಉಂಡ ಕುಂತಾಕಿ, ನನಗಽ ತಡಕೊಳ್ಳಾಕ ಆಗಲಿಲ್ಲ. ನೀ ಬಸುರಿ ಇದ್ದಿ. ಹುಡುಗಿ ಇದ್ದಿ. ನೀ ಹೆಂಗ ತಡಕೊಂಡೀ ಅಂತ ನಾ ಎಂಟ ವರ್ಷದಾಗ ಒಂದ ದಿನಾ ವಿಚಾರ ಮಾಡಲಿಲ್ಲವಾ."

ಕಾವೇರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇಷ್ಟು ವರ್ಷ ಸದ್ದಿಲ್ಲದೆ ಅತ್ತವಳು ಈಗ ಸದ್ದು ಮಾಡಿ ಅತ್ತಳು. ಹನುಮವ್ವ ಬೇಡ ಅನ್ನಲಿಲ್ಲ, ಅಳಲು ಬಿಟ್ಟಳು. ಆಮೇಲೆ ದೊಡ್ಡದೊಂದು ಹೋಳನ್ನು ಅವಳ ಕೈಗೆ ಕೊಟ್ಟಳು.

"ತಿನ್ನು. ಅವತ್ತಿನ ಬಯಕಿ ಹಂಗಽ ಉಳದೈತಿ."

"ನಾನೂ ಬಿಟ್ಟೇನ್ರಿ ಅತ್ತಿ."

"ನೀ ಯಾವ ಕಾಶಿಗೆ ಹೋಗಿದ್ದಿ? ಬಿಟ್ಟಾಕಿ ನಾನು. ನಾ ತಿನ್ನಂಗಿಲ್ಲ. ನೀ ತಿನ್ನು."

ಕಾವೇರಿ ತಿಂದಳು. ರಸ ಮೊಣಕೈಗೆ ಇಳಿಯಿತು, ಕಣ್ಣೀರೂ ಅದರಲ್ಲೇ ಕೂಡಿತು. ಹನುಮವ್ವ ಅವಳ ಬಾಯಿಯನ್ನೇ ನೋಡುತ್ತಿದ್ದಳು.

"ಸೀ ಐತೇನ?"

"ಐತ್ರಿ."

"ಬೀರ್ಯಾ ಇದ್ದಿದ್ರ ಎರಡ ಹಣ್ಣ ಅವನಽ ತಿಂತಿದ್ದ," ಎಂದಳು ಹನುಮವ್ವ. ಅವನು ಸತ್ತ ಮೇಲೆ ಆ ಹೆಸರು ಅತ್ತೆಯ ಬಾಯಿಂದ ಕಾವೇರಿಯ ಮುಂದೆ ಬಂದದ್ದು ಅದೇ ಮೊದಲು. ವಾಸನೆ ಹಿಡಿದು ಓಡಿ ಬಂದ ವಿದ್ಯಾ ಹೊಸ್ತಿಲಲ್ಲಿ ನಿಂತು, ಮುಟ್ಟಲೋ ಬೇಡವೋ ಅಂತ ಇಬ್ಬರನ್ನೂ ನೋಡಿದಳು. ಅಜ್ಜಿ ಅವಳ ಸೋರುವ ಕಿವಿಯನ್ನು ಸೆರಗಿನಿಂದ ಒರೆಸಿ, ಎರಡು ಹೋಳು ಕೈಗಿಟ್ಟಳು. ಕಟ್ಟೆಯ ಮೇಲೆ ಮಲಗಿದ ಮುತ್ಯಾನಿಗೂ ಒಂದು ಒಯ್ಯಿ, ಎಬ್ಬಿಸಿ ಕೊಡು ಅಂದಳು.

ಕಾವೇರಿ ಕೈ ತೊಳೆದು ಏಳುವಾಗ ಹನುಮವ್ವ ಈಳಿಗೆ ಒರೆಸುತ್ತ ಹೇಳಿದಳು, ಕೆಲಸ ಬಿಡುವುದೇನೂ ಬೇಡ, ಮೈಲಾರಿಗೆ ತಾನು ಹೇಳುತ್ತೇನೆ, ಅವತ್ತು ಆಡಿದ ಮಾತಿಗೂ ಸೇರಿಸಿ ಹೇಳುತ್ತೇನೆ ಅಂತ. ಆಮೇಲೆ, "ಈಗ ಚಹಾ ಇಡು. ಹಾಲ ಹಾಕಿ, ಶುಂಠಿ ಜಜ್ಜಿ ಇಡು. ಸೆಂಟಿಂದು ಶನಿವಾರಕ್ಕಿರಲಿ," ಅಂದಳು.

ಕಾವೇರಿಯ ಕೈ ಬೋರಲು ಹಾಕಿದ ಸಣ್ಣ ಪಾತ್ರೆಯ ಕಡೆ ಹೋಗಿ ತಡೆಯಿತು. ಅತ್ತೆಯ ಚಹಾ ಅದರಲ್ಲಲ್ಲವೇ?

"ದೊಡ್ಡದರಾಗ ಇಡು. ಎಲ್ಲಾರ್ದೂ ಕೂಡೇ ಆಗಲಿ."

ಚಹಾ ಕುದಿದು ಮೇಲೆ ಬಂತು, ಇಳಿಯಿತು, ಮತ್ತೆ ಬಂತು. ಕಾವೇರಿ ಸೋಸಿ ಅತ್ತೆಯ ಕಪ್ಪನ್ನು ತುಂಬಿಸಿ ಕೊಟ್ಟಳು. ಹನುಮವ್ವ ಅದನ್ನು ಬಸಿಗೆ ಸುರುವಿಕೊಂಡು, ಊದಿ, ಕುಡಿದಳು.